ತಿಂಗಳಿಗೆ ಎರಡು ದಿನದ ಸೈನಿಕರು



ಯುದ್ಧದ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಯುದ್ಧವನ್ನು ಸಾರಿದವರಾರು? ಅದರಲ್ಲಿ ಮಡಿದವರೆಷ್ಟು? ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ. ಯುದ್ಧವನ್ನು ತೀರ್ಮಾನಿಸಿದವರು ರಣರಂಗಕ್ಕೆ ಕಳುಹಿಸಿದ್ದು ಯಾರ ಮನೆಯ ಮಕ್ಕಳನ್ನು, ಯಾರ ಮನೆಯ ತಂದೆಯಂದಿರನ್ನು? ಈ ಮೂರನೆಯ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಇಂದು ನಾವು ಅದನ್ನೇ ಚರ್ಚಿಸಲು ಬಯಸುತ್ತೇವೆ.

2003ರ ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ಆಕ್ರಮಣ ನಡೆಸಿದವು. ಅದಕ್ಕೆ ನೀಡಲಾದ ಮುಖ್ಯ ಕಾರಣ ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳು. ಅಂತಹ ದಾಸ್ತಾನು ಇರಾಕಿನಲ್ಲಿ ಇರಲಿಲ್ಲವೆಂದು 2004ರ ಅಕ್ಟೋಬರ್‌ನಲ್ಲಿ ಅಮೆರಿಕದ್ದೇ ತನಿಖಾ ತಂಡ ವರದಿ ನೀಡಿತು. ಆ ದಿನಗಳಲ್ಲಿ ನಾವು ಟಿ.ವಿ. ಪರದೆಯ ಮೇಲೆ ಕಂಡ ಅಮೆರಿಕನ್ ಸೈನಿಕನಿಗೆ ಒಂದು ನಿಶ್ಚಿತ ರೂಪವಿತ್ತು. ಇಪ್ಪತ್ತರ ಹರೆಯ, ಕಟ್ಟುಮಸ್ತಾದ ದೇಹ, ಕೈಯಲ್ಲಿ ಆಧುನಿಕ ಬಂದೂಕು. ಆದರೆ ಅದೇ ಪಡೆಯಲ್ಲಿ ಬೇರೊಂದು ಬಗೆಯ ಸೈನಿಕರೂ ಇದ್ದರು. ಅವರು ಅಂಚೆ ನೌಕರರು, ಶಾಲಾ ಶಿಕ್ಷಕರು, ಲಾರಿ ಚಾಲಕರು, ದಾದಿಯರು, ಸೆರೆಮನೆಯ ಕಾವಲುಗಾರರು, ಸಣ್ಣ ಅಂಗಡಿಗಳ ಮಾಲಕರು. ಅವರಲ್ಲಿ ನಲವತ್ತು ದಾಟಿದವರಿದ್ದರು, ಐವತ್ತು ದಾಟಿದವರಿದ್ದರು, ಮೊಮ್ಮಕ್ಕಳನ್ನು ಕಂಡವರೂ ಇದ್ದರು. ಅವರು ಪೂರ್ಣಾವಧಿ ಸೈನಿಕರಲ್ಲ. ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಯ ಅರೆಕಾಲಿಕ ಸೈನಿಕರು.

ನ್ಯಾಷನಲ್ ಗಾರ್ಡ್ ಎಂಬುದು ಅಮೆರಿಕ ಎಂಬ ರಾಷ್ಟ್ರಕ್ಕಿಂತಲೂ ಹಳೆಯದು. 1636ರ ಡಿಸೆಂಬರ್ 13ರಂದು ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಊರಿನ ಗಂಡಸರನ್ನು ಸೇರಿಸಿ ಕಟ್ಟಲಾದ ಕಾವಲು ಪಡೆಯೇ ಅದರ ಮೂಲವೆಂದು ಪರಿಗಣಿಸಲಾಗುತ್ತದೆ. ಊರನ್ನು ಊರಿನವರೇ ಕಾಯಬೇಕೆಂಬುದು ಅದರ ಹಿಂದಿನ ಆಶಯ. ಇಂದಿಗೂ ಸಾಮಾನ್ಯ ಕಾಲದಲ್ಲಿ ಈ ಪಡೆ ಆಯಾ ರಾಜ್ಯದ ಗವರ್ನರರ ಅಧೀನದಲ್ಲಿರುತ್ತದೆ. ನೆರೆ ಬಂದಾಗ, ಕಾಡ್ಗಿಚ್ಚು ಹಬ್ಬಿದಾಗ, ಚಂಡಮಾರುತ ಬೀಸಿದಾಗ ಮೊದಲು ಧಾವಿಸುವುದು ಅದುವೇ. ಆದರೆ ಅದಕ್ಕೆ ಇಬ್ಬರು ಒಡೆಯರು. ರಾಷ್ಟ್ರಾಧ್ಯಕ್ಷರು ಆದೇಶಿಸಿದರೆ ಅದು ಕೇಂದ್ರ ಸೇನೆಯ ಭಾಗವಾಗಿ ಬಿಡುತ್ತದೆ.

ಈ ಪಡೆಗೆ ಜನರನ್ನು ಸೇರಿಸಿಕೊಳ್ಳುವಾಗ ದಶಕಗಳ ಕಾಲ ಒಂದೇ ಮಾತನ್ನು ಹೇಳಲಾಗುತ್ತಿತ್ತು: ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ಲೆಕ್ಕ ಹಾಕಿದರೆ ವರ್ಷದಲ್ಲಿ ನಲವತ್ತು ದಿನವೂ ಆಗುವುದಿಲ್ಲ. ಉಳಿದಂತೆ ಸ್ವಂತ ಉದ್ಯೋಗ, ಮನೆ, ಮಕ್ಕಳು. ಪ್ರತಿಫಲವಾಗಿ ಒಂದಿಷ್ಟು ಸಂಬಳ, ಕಾಲೇಜು ಶುಲ್ಕಕ್ಕೆ ನೆರವು, ಇಪ್ಪತ್ತು ವರ್ಷ ಸೇವೆ ಪೂರೈಸಿದರೆ 60ರ ಪ್ರಾಯದಲ್ಲಿ ಪಿಂಚಣಿ. ಕಾರ್ಖಾನೆಗಳು ಮುಚ್ಚಿ ಹೋದ ಸಣ್ಣ ಪಟ್ಟಣಗಳ ಕುಟುಂಬಗಳಿಗೆ ಇದು ಸಣ್ಣ ಆಸರೆಯಲ್ಲ. ನಲವತ್ತು ದಾಟಿದವರು ಪಡೆಯಲ್ಲಿ ಉಳಿಯಲು ಈ ಪಿಂಚಣಿಯೂ ಒಂದು ಕಾರಣ. ಹದಿನಾರು, ಹದಿನೇಳು ವರ್ಷ ದುಡಿದವನು ಇನ್ನು ಮೂರು ವರ್ಷಕ್ಕಾಗಿ ಎಲ್ಲವನ್ನೂ ಬಿಟ್ಟು ಬರುವುದು ಹೇಗೆ? ಇಲ್ಲಿ ಕುಳಿತಿರುವ ಸಂಬಳದಾರರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಊರು ಕಾಯುವ ಈ ಪಡೆ ಬಗ್ದಾದ್ ತಲುಪಿದ್ದು ಹೇಗೆ? ಇದರ ಹಿಂದೆ ಒಂದು ಇತಿಹಾಸವಿದೆ.

ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಅಮೆರಿಕದಲ್ಲಿ ಕಡ್ಡಾಯ ಸೇನಾ ಸೇವೆಯಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ಮೀಸಲು ಪಡೆಗಳನ್ನು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ಕರೆಯಲಿಲ್ಲ. ಪರಿಣಾಮವಾಗಿ ವಿಯೆಟ್ನಾಂಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ನ್ಯಾಷನಲ್ ಗಾರ್ಡ್ ಒಂದು ಆಶ್ರಯ ತಾಣವಾಯಿತು. ಅಲ್ಲಿ ಸ್ಥಾನ ಪಡೆಯಲು ಜನರು ಸರದಿಯಲ್ಲಿ ಕಾಯುತ್ತಿದ್ದರು. ಜಾರ್ಜ್ ಡಬ್ಲ್ಯು. ಬುಷ್ ಆ ಕಾಲದಲ್ಲಿ ಸೇವೆ ಸಲ್ಲಿಸಿದ್ದು ಟೆಕ್ಸಾಸ್‌ನ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ. ವಿಪರ್ಯಾಸವೇನೆಂದರೆ, ಮುಂದೆ ಅದೇ ಗಾರ್ಡ್‌ನ ಸಹಸ್ರಾರು ಮಂದಿಯನ್ನು ಇರಾಕಿಗೆ ಅಟ್ಟಿದ ಆದೇಶಕ್ಕೆ ಸಹಿ ಹಾಕಿದವರೂ ಅವರೇ.

1973ರಲ್ಲಿ ಕಡ್ಡಾಯ ಸೇವೆ ಕೊನೆಗೊಂಡಿತು. ಆಗ ಸೇನೆಯನ್ನು ಹೊಸದಾಗಿ ಸಂಘಟಿಸಲಾಯಿತು. ಸಾಗಾಟ, ನೀರು ಪೂರೈಕೆ, ವೈದ್ಯಕೀಯ ಸೇವೆ, ಮಿಲಿಟರಿ ಪೊಲೀಸ್ ಮುಂತಾದ ಅಗತ್ಯ ವಿಭಾಗಗಳ ದೊಡ್ಡ ಪಾಲನ್ನು ಮೀಸಲು ಪಡೆಗಳಿಗೆ ವಹಿಸಲಾಯಿತು. ಅಂದಿನ ಸೇನಾ ಮುಖ್ಯಸ್ಥ ಜನರಲ್ ಕ್ರೈಟನ್ ಏಬ್ರಮ್ಸ್ ಅವರ ಹೆಸರಿನೊಂದಿಗೆ ಈ ವ್ಯವಸ್ಥೆಯನ್ನು ಗುರುತಿಸಲಾಗುತ್ತದೆ. ಇದರ ಸಮರ್ಥಕರು ಒಂದು ತರ್ಕವನ್ನು ಮುಂದಿಟ್ಟರು. ಊರೂರಿನ ಶಿಕ್ಷಕರನ್ನೂ ಅಂಗಡಿಯವರನ್ನೂ ಕರೆಯದೆ ದೊಡ್ಡ ಯುದ್ಧ ಮಾಡುವುದು ಅಸಾಧ್ಯವೆಂದಾದರೆ, ಯಾವ ಅಧ್ಯಕ್ಷನೂ ಜನರ ಸಮ್ಮತಿಯಿಲ್ಲದೆ ಯುದ್ಧಕ್ಕೆ ಕೈಹಾಕಲಾರ ಎಂಬುದೇ ಆ ತರ್ಕ. ತರ್ಕವೇನೋ ಸುಂದರವಾಗಿದೆ. ಆದರೆ ಆಳುವವರಿಗೆ ಕಡಿವಾಣವಾಗಬೇಕಿದ್ದ ವ್ಯವಸ್ಥೆ ಆಳಲ್ಪಡುವವರ ಕೊರಳಿಗೆ ಹಗ್ಗವಾಯಿತು. 2001ರ ಸೆಪ್ಟೆಂಬರ್ 14ರಂದು ಬುಷ್ ತುರ್ತು ಪರಿಸ್ಥಿತಿ ಘೋಷಿಸಿ ಮೀಸಲು ಪಡೆಗಳನ್ನು ಕರೆಯುವ ಅಧಿಕಾರವನ್ನು ಬಳಸಿಕೊಂಡರು. ಆ ಕಾನೂನಿನ ಪ್ರಕಾರ 10 ಲಕ್ಷದವರೆಗೆ ಮೀಸಲು ಸೈನಿಕರನ್ನು, ನಿರಂತರ 24 ತಿಂಗಳವರೆಗೆ, ಅವರ ಇಷ್ಟಾನಿಷ್ಟ ಕೇಳದೆ ಕರೆಸಿಕೊಳ್ಳಬಹುದು.

ರಾಜ್ಯಗಳು ಇದನ್ನು ತಡೆಯಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ಆ ಬಾಗಿಲನ್ನು ಮೊದಲೇ ಮುಚ್ಚಲಾಗಿತ್ತು. 1980ರ ದಶಕದಲ್ಲಿ ತಮ್ಮ ರಾಜ್ಯದ ಗಾರ್ಡ್ ಪಡೆಯನ್ನು ತರಬೇತಿಯ ಹೆಸರಿನಲ್ಲಿ ಮಧ್ಯ ಅಮೆರಿಕಕ್ಕೆ ಕಳುಹಿಸುವುದನ್ನು ಕೆಲವು ಗವರ್ನರರು ವಿರೋಧಿಸಿದ್ದರು. 1986ರಲ್ಲಿ ಅಮೆರಿಕನ್ ಸಂಸತ್ತು ಕಾನೂನು ತಿದ್ದಿ ಅವರ ಕೈ ಕಟ್ಟಿ ಹಾಕಿತು. ಮಿನ್ನೆಸೋಟದ ಗವರ್ನರ್ ರೂಡಿ ಪರ್ಪಿಚ್ ನ್ಯಾಯಾಲಯದ ಮೆಟ್ಟಿಲೇರಿದರು. 1990ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ತಳ್ಳಿ ಹಾಕಿತು.

2005ರ ವೇಳೆಗೆ ಇರಾಕಿನಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಶೇ. 40ರಷ್ಟು ಮಂದಿ ಗಾರ್ಡ್ ಮತ್ತು ಮೀಸಲು ಪಡೆಯವರಾಗಿದ್ದರು. ಕರಾರಿನ ಅವಧಿ ಮುಗಿದರೂ ಮನೆಗೆ ಬಿಡದೆ ಹಿಡಿದಿಟ್ಟುಕೊಳ್ಳುವ 'ಸ್ಟಾಪ್ ಲಾಸ್' ಎಂಬ ಕ್ರಮವನ್ನು ಜಾರಿಗೆ ತರಲಾಯಿತು. 2004ರ ಜೂನ್‌ನಲ್ಲಿ, ಸಮವಸ್ತ್ರ ಕಳಚಿಟ್ಟು ನಾಗರಿಕ ಜೀವನಕ್ಕೆ ಮರಳಿದ್ದ, ಆದರೆ ಕಾಗದದಲ್ಲಿ ಮಾತ್ರ ಸೇನೆಗೆ ಸೇರಿದ್ದ 5,600ಕ್ಕೂ ಹೆಚ್ಚು ಮಂದಿಯನ್ನು ಮತ್ತೆ ಕರೆಯುವುದಾಗಿ ಸೇನೆ ಪ್ರಕಟಿಸಿತು. ಕರಾರಿಗೆ ಸಹಿ ಹಾಕಿದವನ ಒಟ್ಟು ಬಾಧ್ಯತೆ ಎಂಟು ವರ್ಷಗಳದ್ದು ಎಂಬುದು ಅನೇಕರಿಗೆ ನೆನಪಾದದ್ದು ಆಗಲೇ. ಮೀಸಲು ಪಡೆಯ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಜೇಮ್ಸ್ ಹೆಲ್ಮ್‌ಲಿಯವರೇ 2004ರ ಡಿಸೆಂಬರ್‌ನಲ್ಲಿ ಮೇಲಧಿಕಾರಿಗಳಿಗೆ ಪತ್ರ ಬರೆದು, ತಮ್ಮ ಪಡೆ ಮುರಿದು ಬೀಳುವ ಹಾದಿಯಲ್ಲಿದೆಯೆಂದು ಎಚ್ಚರಿಸಿದರು. ಆದರೂ 2007ರ ಜನವರಿಯಲ್ಲಿ, ಮಿನ್ನೆಸೋಟದ ಗಾರ್ಡ್ ಬ್ರಿಗೇಡ್ ಊರಿಗೆ ಮರಳುವ ಸಿದ್ಧತೆಯಲ್ಲಿದ್ದಾಗಲೇ ಅದರ ಅವಧಿಯನ್ನು ವಿಸ್ತರಿಸಲಾಯಿತು. ತರಬೇತಿಯೂ ಸೇರಿದಂತೆ ಅದರ ಸೈನಿಕರು ಮನೆಯಿಂದ ದೂರವಿದ್ದುದು ಒಟ್ಟು 22 ತಿಂಗಳು. ತಿಂಗಳಿಗೊಂದು ವಾರಾಂತ್ಯವೆಂಬ ಮಾತು ಎಲ್ಲಿ, 22 ತಿಂಗಳು ಎಲ್ಲಿ?

ಕಳುಹಿಸುವಾಗಲಾದರೂ ಸರಿಯಾದ ರಕ್ಷಣೆ ಕೊಟ್ಟರೇ? 2004ರ ಡಿಸೆಂಬರ್ 8ರಂದು ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಕುವೈತ್‌ನ ಶಿಬಿರವೊಂದಕ್ಕೆ ಭೇಟಿ ನೀಡಿದ್ದರು. ಟೆನ್ನೆಸ್ಸಿ ಗಾರ್ಡ್‌ನ ಸೈನಿಕನೊಬ್ಬ ಎದ್ದು ನಿಂತು, ನಮ್ಮ ವಾಹನಗಳಿಗೆ ರಕ್ಷಾಕವಚ ಜೋಡಿಸಲು ನಾವು ಗುಜರಿ ರಾಶಿಯಲ್ಲಿ ತುಕ್ಕು ಹಿಡಿದ ತಗಡುಗಳನ್ನು ಹುಡುಕಬೇಕಾಗಿರುವುದೇಕೆ ಎಂದು ನೇರವಾಗಿ ಪ್ರಶ್ನಿಸಿದ. ನೆರೆದಿದ್ದ ಸೈನಿಕರು ಹರ್ಷೋದ್ಗಾರ ಮಾಡಿದರು. ಇರುವ ಸೇನೆಯೊಂದಿಗೇ ಯುದ್ಧಕ್ಕೆ ಹೋಗಬೇಕಾಗುತ್ತದೆ, ಬಯಸಿದ ಸೇನೆಯೊಂದಿಗಲ್ಲ ಎಂಬುದು ಸಚಿವರ ಉತ್ತರದ ಸಾರಾಂಶವಾಗಿತ್ತು. ಆಯ್ಕೆಯಿಂದ ಆರಂಭಿಸಿದ ಯುದ್ಧಕ್ಕೆ ಈ ಉತ್ತರ ಒಪ್ಪುತ್ತದೆಯೇ?

ಮರು ವರ್ಷ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯನ್ನು ಅಪ್ಪಳಿಸಿತು. ನ್ಯೂ ಓರ್ಲಿಯನ್ಸ್ ನಗರ ಮುಳುಗಿತು. ಬಡವರು, ಅದರಲ್ಲೂ ಕರಿಯರು, ಮನೆಯ ಮಾಡುಗಳ ಮೇಲೆ ನಿಂತು ನೆರವಿಗಾಗಿ ಕೂಗುತ್ತಿದ್ದರು. ಆ ಹೊತ್ತಿನಲ್ಲಿ ಲೂಸಿಯಾನ ಗಾರ್ಡ್‌ನ ಸುಮಾರು 3,000 ಮಂದಿ ಇರಾಕಿನಲ್ಲಿದ್ದರು. ನೆರೆಯ ಮಿಸ್ಸಿಸ್ಸಿಪ್ಪಿಯ ಬ್ರಿಗೇಡ್ ಕೂಡಾ ಅಲ್ಲೇ ಇತ್ತು. ನೆರೆಯಿಂದ ಊರನ್ನು ಕಾಯಬೇಕಾದವನು ಪರರ ನಾಡಿನಲ್ಲಿ ಬಂದೂಕು ಹಿಡಿದು ನಿಂತಿದ್ದ. ಆತನ ಮನೆ ಇತ್ತ ನೀರಿನಲ್ಲಿ ಮುಳುಗುತ್ತಿತ್ತು.

ಇನ್ನು ವಯಸ್ಸಿನ ವಿಚಾರ. ಯುವಕರು ಸೇನೆ ಸೇರಲು ಹಿಂಜರಿದಾಗ ಸರಕಾರ ಯುದ್ಧವನ್ನು ಕಡಿಮೆ ಮಾಡಲಿಲ್ಲ, ವಯೋಮಿತಿಯನ್ನು ಹೆಚ್ಚಿಸಿತು. ಗಾರ್ಡ್ ಮತ್ತು ಮೀಸಲು ಪಡೆಗೆ ಹೊಸದಾಗಿ ಸೇರುವವರ ಗರಿಷ್ಠ ವಯಸ್ಸನ್ನು 2005ರ ಮಾರ್ಚ್‌ನಲ್ಲಿ 34ರಿಂದ 39ಕ್ಕೆ ಏರಿಸಲಾಯಿತು. 2006ರಲ್ಲಿ ಅದು 42 ಆಯಿತು. ನಿವೃತ್ತರನ್ನೂ ಮತ್ತೆ ಸ್ವಾಗತಿಸಲಾಯಿತು. 2009ರ ಮೇ ತಿಂಗಳಲ್ಲಿ ಬಸ್ರಾದಲ್ಲಿ ರಸ್ತೆಬದಿಯ ಬಾಂಬಿಗೆ ಬಲಿಯಾದ ಮೇಜರ್ ಒಬ್ಬರ ಪ್ರಾಯ 60. ವಿಯೆಟ್ನಾಂನಲ್ಲಿ ಹೋರಾಡಿ, ನಿವೃತ್ತರಾಗಿ, ಪತ್ನಿಯನ್ನು ಕಳೆದುಕೊಂಡ ಬಳಿಕ ಸ್ವಇಚ್ಛೆಯಿಂದ ಸೇನೆಗೆ ಮರಳಿದ್ದವರು ಅವರು. ಅವರ ಧೈರ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಅರುವತ್ತರ ವೃದ್ಧನನ್ನು ಬಸ್ರಾದ ಬಿಸಿಲಿಗೆ ಕಳುಹಿಸುವ ವ್ಯವಸ್ಥೆಯನ್ನು ಪ್ರಶ್ನಿಸಲೇಬೇಕು.

ಊರಿನಲ್ಲಿ ಉಳಿದ ಕುಟುಂಬದ ಪಾಡೇನು? ಪೂರ್ಣಾವಧಿ ಸೈನಿಕನ ಕುಟುಂಬದ ಸುತ್ತ ಹೆಚ್ಚಾಗಿ ಅದೇ ಕಷ್ಟ ಬಲ್ಲ ಇತರ ಸೈನಿಕ ಕುಟುಂಬಗಳಿರುತ್ತವೆ. ಅರೆಕಾಲಿಕ ಸೈನಿಕನ ಹೆಂಡತಿ ಸಾಮಾನ್ಯ ಬೀದಿಯಲ್ಲಿ, ತನ್ನ ಕಷ್ಟ ಅರಿಯದ ಜನರ ನಡುವೆ ಒಂಟಿಯಾಗಿರುತ್ತಾಳೆ. ಸಂಬಳದ ಕೆಲಸದಲ್ಲಿದ್ದವನಿಗೆ ಹಳೆಯ ಉದ್ಯೋಗವನ್ನು ಮರಳಿ ಕೊಡಬೇಕೆಂಬ ಕಾನೂನು 1994ರಿಂದ ಇದೆ. ಆದರೆ ಸ್ವಂತ ಅಂಗಡಿ ನಡೆಸುವವನ ಗಿರಾಕಿಗಳನ್ನು ಮರಳಿ ಕೊಡುವ ಕಾನೂನು ಯಾವ ದೇಶದಲ್ಲೂ ಇಲ್ಲ. ಮನಸ್ಸಿನ ಗಾಯ ಇದಕ್ಕಿಂತಲೂ ಆಳವಾದದ್ದು. ಇರಾಕಿನಿಂದ ಮರಳಿದ 88 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕುರಿತ ಅಧ್ಯಯನವೊಂದು ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2007ರಲ್ಲಿ ಪ್ರಕಟವಾಯಿತು. ಮಾನಸಿಕ ಚಿಕಿತ್ಸೆಯ ಅಗತ್ಯವಿದೆಯೆಂದು ಗುರುತಿಸಲ್ಪಟ್ಟವರು ಪೂರ್ಣಾವಧಿ ಸೈನಿಕರಲ್ಲಿ ಶೇ. 20.3, ಮೀಸಲು ಸೈನಿಕರಲ್ಲಿ ಶೇ. 42.4. ಅಂದರೆ ಎರಡು ಪಟ್ಟಿಗೂ ಹೆಚ್ಚು.

ಸಹೋದರರೇ, ಇಷ್ಟನ್ನು ಕೇಳಿದ ಬಳಿಕ ನಿಮ್ಮಲ್ಲಿ ಕೆಲವರಾದರೂ ಅಸಮಾಧಾನಗೊಂಡಿರಬಹುದು. ಮನೆಗಳು ಉರಿದದ್ದು ಇರಾಕಿನವು, ದಾಖಲಾದ ಲೆಕ್ಕದಂತೆಯೇ ಒಂದು ಲಕ್ಷಕ್ಕೂ ಮಿಕ್ಕಿದ ಇರಾಕಿ ನಾಗರಿಕರು ಪ್ರಾಣ ಕಳೆದುಕೊಂಡರು, ಹೀಗಿರುವಾಗ ನಾವು ಆಕ್ರಮಣಕಾರರ ಮನೆಯ ಕಣ್ಣೀರಿಗೆ ಮರುಗುವುದೇ ಎಂದು. ಈ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರಿಸದೆ ನಾವು ಮುಂದೆ ಸಾಗುವಂತಿಲ್ಲ.

ಅಬೂ ಗರೀಬ್ ಸೆರೆಮನೆಯ ಚಿತ್ರಗಳನ್ನು ನಾವಾರೂ ಮರೆತಿಲ್ಲ. 2004ರ ಏಪ್ರಿಲ್‌ನಲ್ಲಿ ಅವು ಜಗತ್ತಿನ ಮುಂದೆ ಬಂದವು. ಬಂಧಿಗಳನ್ನು ಬೆತ್ತಲೆಗೊಳಿಸಿ, ನಾಯಿಗಳನ್ನು ಛೂ ಬಿಟ್ಟು, ನಗುತ್ತಾ ಚಿತ್ರ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಮೇರಿಲ್ಯಾಂಡ್‌ನ ಸಣ್ಣ ಊರೊಂದರಲ್ಲಿ ನೆಲೆಯಿದ್ದ ಮೀಸಲು ಪಡೆಯ ತುಕಡಿಗೆ ಸೇರಿದವರು. ಸೆರೆಮನೆ ನಡೆಸಲು ಅವರಿಗೆ ತಕ್ಕ ತರಬೇತಿ ಇರಲಿಲ್ಲವೆಂದು ಮೇಜರ್ ಜನರಲ್ ಆಂಟೋನಿಯೋ ಟಗೂಬಾ ಅವರ ತನಿಖೆ ಹೇಳಿತು. ತರಬೇತಿ ಇರಲಿಲ್ಲ ನಿಜ. ಆದರೆ ಮನುಷ್ಯನನ್ನು ಮನುಷ್ಯನಂತೆ ಕಾಣಲು ಯಾವ ತರಬೇತಿ ಬೇಕು? ಅದೇ ತುಕಡಿಯಲ್ಲಿದ್ದ, ಅದೇ ತರಬೇತಿ ಪಡೆದಿದ್ದ ಜೋ ಡಾರ್ಬಿ ಎಂಬ ಮೀಸಲು ಸೈನಿಕ 2004ರ ಜನವರಿಯಲ್ಲಿ ಆ ಚಿತ್ರಗಳನ್ನು ತನಿಖಾಧಿಕಾರಿಗಳಿಗೆ ಒಪ್ಪಿಸಿದ. ಅದಕ್ಕಾಗಿ ಆತ ತೆತ್ತ ಬೆಲೆಯೇನು? ಊರಿನವರ ದ್ವೇಷಕ್ಕೆ ಗುರಿಯಾಗಿ, ಮತ್ತೆ ಆ ಊರಿನಲ್ಲಿ ಬಾಳಲಾಗದೆ ಬೇರೆಡೆ ನೆಲೆಸಬೇಕಾಯಿತು. ಸೆರೆಮನೆ ಸೇರಿದವರು ಕೆಳದರ್ಜೆಯ ಸೈನಿಕರು. ಯುದ್ಧವನ್ನು ರೂಪಿಸಿದವರ ಕೂದಲೂ ಕೊಂಕಲಿಲ್ಲ.

ಹದೀಸಾ ಎಂಬ ಪಟ್ಟಣವನ್ನು ನೋಡಿ. 2005ರ ಆಗಸ್ಟ್ 3ರಂದು ಅದರ ಸಮೀಪ ರಸ್ತೆಬದಿಯ ಬಾಂಬ್ ಸಿಡಿದು 14 ಮೆರೀನ್ ಸೈನಿಕರು ಸತ್ತರು. ಅವರು ಒಹಾಯೊ ರಾಜ್ಯದಲ್ಲಿ ಕೇಂದ್ರವಿದ್ದ ಮೀಸಲು ಬೆಟಾಲಿಯನ್‌ನೊಂದಿಗಿದ್ದವರು. ಮೀಸಲು ತುಕಡಿಯೆಂದರೆ ಒಂದೇ ಪ್ರದೇಶದ ಜನ. ಒಂದು ಬಾಂಬ್ ಸಿಡಿದರೆ ನೆರೆಹೊರೆಯ ಹಲವು ಮನೆಗಳಲ್ಲಿ ಏಕಕಾಲಕ್ಕೆ ಸೂತಕ. ಅದೇ ವರ್ಷ ನವೆಂಬರ್ 19ರಂದು, ಅದೇ ಹದೀಸಾದಲ್ಲಿ, ಬೇರೊಂದು ಮೆರೀನ್ ಪಡೆ 24 ಮಂದಿ ನಿರಾಯುಧ ಇರಾಕಿಗಳನ್ನು ಕೊಂದು ಹಾಕಿತು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಈ ಎರಡು ದುರಂತಗಳು ಸಮಾನವೆಂದು ನಾವು ಹೇಳುವುದಿಲ್ಲ. ಒಬ್ಬ ಆಯುಧ ಹಿಡಿದು ಪರರ ನಾಡಿಗೆ ಹೋದವನು, ಇನ್ನೊಬ್ಬ ತನ್ನ ಮನೆಯೊಳಗೆ ಇದ್ದವನು. ಆದರೆ ಎರಡೂ ದುರಂತಗಳ ತೀರ್ಮಾನ ನಡೆದದ್ದು ಒಂದೇ ಮೇಜಿನ ಸುತ್ತ. ಆ ಮೇಜಿನ ಸುತ್ತ ಕುಳಿತವರು ಹದೀಸಾದವರೂ ಆಗಿರಲಿಲ್ಲ, ಆ ಒಹಾಯೊ ಪಡೆಯೊಂದಿಗೆ ಹೊರಟವರೂ ಆಗಿರಲಿಲ್ಲ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟವಿರಲಿ. ಮೋಸಹೋದ ಸೈನಿಕನಾದರೂ ಆತ ಎಸಗಿದ ಅನ್ಯಾಯ ಅನ್ಯಾಯವೇ. ಅದಕ್ಕೆ ಆತ ಉತ್ತರಿಸಬೇಕು. ಆದರೆ ಆತನ ಅಪರಾಧವನ್ನು ಎಣಿಸುವಾಗ ಆತನನ್ನು ಅಲ್ಲಿಗೆ ಅಟ್ಟಿದವರ ಅಪರಾಧವನ್ನು ಲೆಕ್ಕದಿಂದ ಬಿಟ್ಟರೆ ಅದು ನ್ಯಾಯವಾಗುವುದಿಲ್ಲ. ಒಂದು ಜನತೆಯನ್ನು ಇಡಿಯಾಗಿ ದ್ವೇಷಿಸುವುದು ಸುಲಭ. ನಮ್ಮನ್ನೇ ಹಾಗೆ ಇಡಿಯಾಗಿ ಕಟಕಟೆಯಲ್ಲಿ ನಿಲ್ಲಿಸಿದಾಗ ಆಗುವ ನೋವನ್ನು ಬಲ್ಲ ನಾವು ಆ ಸುಲಭದ ದಾರಿ ಹಿಡಿಯಬಾರದು.

ಈ ವ್ಯಾಧಿ ಒಂದೇ ದೇಶದ್ದಲ್ಲ. 2022ರ ಸೆಪ್ಟೆಂಬರ್ 21ರಂದು ರಷ್ಯದ ಅಧ್ಯಕ್ಷ ಪುಟಿನ್ ಉಕ್ರೇನ್ ಯುದ್ಧಕ್ಕಾಗಿ 3 ಲಕ್ಷ ಮೀಸಲು ಸೈನಿಕರನ್ನು ಕರೆಯುವ ಆದೇಶ ಹೊರಡಿಸಿದರು. ಕರಾರಿನ ಮೇಲೆ ಸೇನೆ ಸೇರುವವರಿಗಿದ್ದ 40ರ ವಯೋಮಿತಿಯನ್ನು ಅದೇ ವರ್ಷ ಮೇ ತಿಂಗಳಲ್ಲಿ ತೆಗೆದು ಹಾಕಲಾಗಿತ್ತು. ಸೆಪ್ಟೆಂಬರ್‌ನ ಆದೇಶದ ವಿರುದ್ಧ ಮುಸ್ಲಿಮ್ ಬಹುಸಂಖ್ಯಾತ ದಾಗೆಸ್ತಾನದ ಮಖಚ್‌ಕಲಾ ನಗರದಲ್ಲಿ ತಾಯಂದಿರು, ಪತ್ನಿಯರು ಬೀದಿಗಿಳಿದರು. ಬಗ್ದಾದ್ ಆಗಲಿ ಕೀವ್ ಆಗಲಿ, ಕರೆ ಮೊದಲು ತಲುಪುವುದು ಸಣ್ಣ ಊರಿನ ಬಡ ಮನೆಯ ಬಾಗಿಲಿಗೆ.

ನಮ್ಮ ದೇಶದ ಅನುಭವವೇನು? 2003ರಲ್ಲಿ ಅಮೆರಿಕ ಭಾರತದಿಂದಲೂ ಒಂದು ಡಿವಿಷನ್ ಸೇನೆಯನ್ನು ಕೇಳಿತ್ತು. ವಾಜಪೇಯಿ ಸರಕಾರದೊಳಗೆ ಅದರ ಪರ ವಾದಿಸುವವರೂ ಇದ್ದರು. ಆದರೆ ಯುದ್ಧವನ್ನು ಖಂಡಿಸಿ ಸಂಸತ್ತು ಏಪ್ರಿಲ್‌ನಲ್ಲೇ ನಿರ್ಣಯ ಅಂಗೀಕರಿಸಿತ್ತು, ಜನಾಭಿಪ್ರಾಯ ವಿರುದ್ಧವಾಗಿತ್ತು. ಜುಲೈ 14ರಂದು ಸರಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೇನೆ ಕಳುಹಿಸಲಾಗದೆಂದು ತಿಳಿಸಿತು. ಆ ಒಂದು ತೀರ್ಮಾನದಿಂದ ಎಷ್ಟು ಮನೆಗಳು ಉಳಿದವೆಂಬುದನ್ನು ನಾವು ಊಹಿಸಬಹುದು. ಜನರು ಬಾಯಿ ತೆರೆದರೆ ಸರಕಾರಗಳು ಕೇಳುತ್ತವೆ ಎಂಬುದಕ್ಕೆ ಇದೊಂದು ಉದಾಹರಣೆ.

ಆದರೆ ಸೇನೆ ಹೋಗದಿದ್ದರೂ ಸಂಬಳಕ್ಕೆ ದುಡಿಯುವವರು ಆ ಯುದ್ಧದ ಅಂಚಿಗೆ ಹೋದರು. 2004ರ ಜುಲೈಯಲ್ಲಿ ಕುವೈತ್‌ನ ಕಂಪೆನಿಯೊಂದರಲ್ಲಿ ದುಡಿಯುತ್ತಿದ್ದ ಮೂವರು ಭಾರತೀಯ ಲಾರಿ ಚಾಲಕರನ್ನು ಇರಾಕಿನಲ್ಲಿ ಅಪಹರಿಸಲಾಯಿತು. ಸೆಪ್ಟೆಂಬರ್ ಆರಂಭದಲ್ಲಿ ಅವರ ಬಿಡುಗಡೆಯಾಯಿತು. ಇನ್ನೂ ಇತ್ತೀಚಿನದು, ನಮ್ಮದೇ ರಾಜ್ಯದ್ದು. 2024ರ ಆರಂಭದಲ್ಲಿ ಕಲಬುರಗಿಯ ಕೆಲವು ಯುವಕರು ರಷ್ಯದ ಯುದ್ಧರಂಗದಲ್ಲಿ ಸಿಲುಕಿರುವ ಸುದ್ದಿ ಬಂತು. ಸಹಾಯಕರ ಕೆಲಸ, ಒಳ್ಳೆಯ ಸಂಬಳವೆಂದು ನಂಬಿಸಿ ಏಜೆಂಟರು ಅವರನ್ನು ಕಳುಹಿಸಿದ್ದರು. ಅಲ್ಲಿ ಅವರ ಕೈಗೆ ಬಂದದ್ದು ಬಂದೂಕು. ಹೈದರಾಬಾದ್ ಮತ್ತು ಸೂರತ್‌ನ ಯುವಕರು ಹಾಗೆ ಹೋಗಿ ಹೆಣವಾದರು. 2024ರ ಜುಲೈಯಲ್ಲಿ ಪ್ರಧಾನಿಯವರು ಮಾಸ್ಕೋದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದರು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯವರು ಮನೆ ಸೇರಿದರು.

ಒಹಾಯೊದ ನಲವತ್ತರ ತಂದೆಗೂ ಕಲಬುರಗಿಯ ಇಪ್ಪತ್ತರ ಮಗನಿಗೂ ಏನು ಸಂಬಂಧ? ಇಬ್ಬರಿಗೂ ಹೇಳಿದ್ದು ಒಂದು, ಕರಾರಿನಲ್ಲಿ ಬರೆದದ್ದು ಇನ್ನೊಂದು. ಒಬ್ಬನಿಗೆ ತಿಂಗಳಿಗೊಂದು ವಾರಾಂತ್ಯ ಎಂದರು, ಇನ್ನೊಬ್ಬನಿಗೆ ಸಹಾಯಕನ ಕೆಲಸ ಎಂದರು. ಇಬ್ಬರ ಮನೆಯಲ್ಲೂ ಶುಲ್ಕ ಕಟ್ಟಬೇಕಿತ್ತು, ಸಾಲ ತೀರಿಸಬೇಕಿತ್ತು. ಅಗತ್ಯವಿರುವವನು ಸಣ್ಣ ಅಕ್ಷರಗಳನ್ನು ಓದುವುದಿಲ್ಲ. ಅದನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾದರೆ ನಾವೇನು ಮಾಡಬೇಕು? ದೂರದ ಯುದ್ಧಗಳನ್ನು ನಿಲ್ಲಿಸುವ ಶಕ್ತಿ ನಮ್ಮಲ್ಲಿಲ್ಲ. ಆದರೆ ಕೈಗೆಟಕುವ ಕೆಲಸಗಳಿವೆ. ವಿದೇಶಕ್ಕೆ ಹೊರಡುವ ಮಗನ ಕರಾರು ಪತ್ರವನ್ನು ಭಾಷೆ ಬಲ್ಲವರಿಂದ ಓದಿಸದೆ ಸಹಿ ಹಾಕಿಸಬೇಡಿ. ಆತನನ್ನು ಕಳುಹಿಸುವ ಏಜೆಂಟನಿಗೆ ಸರಕಾರದ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಪ್ರತಿ ಊರಿನಲ್ಲೂ ಓದು ಬಲ್ಲ ನಾಲ್ವರು ಯುವಕರು ವಾರಕ್ಕೆ ಒಂದು ತಾಸು ಈ ಸೇವೆಗೆ ಮೀಸಲಿಟ್ಟರೆ ಎಷ್ಟೋ ತಾಯಂದಿರ ನಿದ್ದೆ ಉಳಿಯುತ್ತದೆ. ಇನ್ನು ಯಾವುದೇ ಪಕ್ಷದ ನಾಯಕ ವೇದಿಕೆಯಲ್ಲಿ ನಿಂತು ಯುದ್ಧದ ಮಾತಾಡಿದಾಗ ಚಪ್ಪಾಳೆ ತಟ್ಟುವ ಮೊದಲು ನಾವು ಒಂದು ಕ್ಷಣ ಯೋಚಿಸೋಣ. ಹೋಗುವವರು ಯಾರು? ಎಷ್ಟು ಕಾಲಕ್ಕೆ? ಮರಳಿ ಬಂದಾಗ ಅವರನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದವನಿಗೆ ಪರರ ಮನೆಯ ತಂದೆಯನ್ನು, ಮಗನನ್ನು ಕೇಳುವ ಹಕ್ಕಿಲ್ಲ. ಇದನ್ನು ನಿಮ್ಮ ಮನೆಗಳಲ್ಲಿ, ಮಕ್ಕಳೊಂದಿಗೆ ಚರ್ಚಿಸಿರೆಂದು ವಿನಂತಿಸುತ್ತಾ ನಮ್ಮ ಮಾತನ್ನು ಮುಗಿಸುತ್ತೇವೆ.